ಪಹಣಿಯಲ್ಲಿದ್ದ ಪರದೆ

ನನ್ನ ಸೋದರಮಾವ ಸಾಗರದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಸರ್ವೀಸಿನಲ್ಲಿದ್ದಷ್ಟು ಕಾಲವೂ ಜಮೀನು ಅಳೆದವರು. ರಿಟೈರ್ ಆದ ಮೇಲೆ ಸುತ್ತಲಿನ ಊರುಗಳ ಕೆರೆಗಳ ಬಗ್ಗೆ ಬರೆಯುತ್ತಿದ್ದಾರೆ. ಯಾವ ಕೆರೆಗೆ ಏನು ಹೆಸರು, ಕೋಡಿ ಯಾವ ಕಡೆ, ತೂಬು ಎಲ್ಲಿತ್ತು, ಏರಿಯ ಮೇಲೆ ಯಾವ ಮರ ಇತ್ತು. ಒಂದೊಂದು ಕೆರೆಗೆ ಒಂದೊಂದು ಫೈಲು. ಫೈಲಿನ ಹೆಸರೂ ಕನ್ನಡದಲ್ಲೇ ಇರಬೇಕು, ಅದು ಅವರ ಹಟ.

ಬರೆಯೋದು ಒಂದು ಪುಟ್ಟ ಕಂಪ್ಯೂಟರಿನಲ್ಲಿ. ಊಟದ ಡಬ್ಬಿಯಷ್ಟೇ ಗಾತ್ರ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದು ನಾನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟಿದ್ದೆ. ಹೊರಗಿನಿಂದ ನೋಡಿದರೆ ಡೆಸ್ಕ್‌ಟಾಪು, ಒಳಗಿರೋದು ಲ್ಯಾಪ್‌ಟಾಪಿನ ಚಿಪ್ಪುಗಳು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಅದರಲ್ಲಿ ವಿಂಡೋಸ್ 7 ಇತ್ತು. 2020ರ ಜನವರಿ 14ಕ್ಕೇ ಅದರ ಅಪ್‌ಡೇಟ್‌ಗಳು ನಿಂತಿದ್ದರೂ ಮಾವ ಅದರಲ್ಲೇ ದಿನ ದೂಡುತ್ತಿದ್ದರು. ಬ್ರೌಸರ್ ಯಾವ ಪುಟವನ್ನೂ ಸರಿಯಾಗಿ ತೆರೆಯದ ಸ್ಥಿತಿ ಬಂದಾಗ ನನಗೆ ಫೋನ್ ಬಂತು. ಒಂದು ಶನಿವಾರ ವಿಂಡೋಸ್ ಬದಲಿಗೆ ಹಾಕಲು ಪೆನ್‌ಡ್ರೈವಿನಲ್ಲಿ ಲಿನಕ್ಸ್ ತುಂಬಿಸಿಕೊಂಡು ಹೊರಟೆ. ಒಂದು ಗಂಟೆಯ ಕೆಲಸ, ಆಮೇಲೆ ಅತ್ತೆ ಮಾಡಿದ ತೊಡದೇವು ತಿಂದು ಮಲಗೋದು ಅಂತ ಲೆಕ್ಕ.

ಪೆನ್‌ಡ್ರೈವ್ ಹಾಕಿ ಆನ್ ಮಾಡಿದೆ. ಮೆನು ಬಂತು, ಎಂಟರ್ ಒತ್ತಿದೆ, ಲೋಗೋ ಬಂತು. ಆಮೇಲೆ ಒಂದು ಚಂದದ ಗುಡ್ಡದ ಚಿತ್ರ ಬಂತು. ಅಷ್ಟೇ. ಐಕಾನ್ ಇಲ್ಲ, ಕೆಳಗಿನ ಪಟ್ಟಿ ಇಲ್ಲ, ಇನ್‌ಸ್ಟಾಲ್ ಮಾಡು ಅನ್ನುವ ಗುಂಡಿ ಇಲ್ಲ. ಬರೀ ಗುಡ್ಡ. ಮೌಸ್ ಆಡಿಸಿದರೆ ಬಾಣ ಓಡಾಡುತ್ತಿತ್ತು.

"ಚೆನ್ನಾಗಿದೆ. ಇದು ಕೊಡಚಾದ್ರಿಯಾ?" ಅಂದರು ಮಾವ.

ಕಪ್ಪು ಪರದೆ ಬಂದಿದ್ದರೆ ನನಗೆ ಗಾಬರಿ ಆಗುತ್ತಿರಲಿಲ್ಲ. ಅದು ಹಳೇ ಪರಿಚಯ. ಇದು ಅರ್ಧ ಸರಿ ಇದ್ದ ಕಾರಣಕ್ಕೇ ದಾರಿ ತಪ್ಪಿಸಿತು. ಪೆನ್‌ಡ್ರೈವ್ ಕೆಟ್ಟಿರಬೇಕು ಅಂದುಕೊಂಡು ಮತ್ತೆ ಬರೆದೆ. ಹಿಂದಿನ ತೂತಿನಿಂದ ತೆಗೆದು ಮುಂದಿನದಕ್ಕೆ ಚುಚ್ಚಿದೆ. ಮಾನಿಟರ್ ಕೇಬಲ್ ಬಿಚ್ಚಿ, ಊದಿ, ಮತ್ತೆ ಹಾಕಿದೆ. ಎಲ್ಲ ಆದ ಮೇಲೂ ಅದೇ ಗುಡ್ಡ. ಈ ನಡುವೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಮೌಸನ್ನು ಎಡಗಡೆಗೆ ಎಳೆದರೆ ಬಾಣ ಅಂಚಿನಲ್ಲಿ ನಿಲ್ಲುತ್ತಿರಲಿಲ್ಲ, ಮಾಯವಾಗುತ್ತಿತ್ತು. ಬಲಕ್ಕೆ ತಂದರೆ ಸ್ವಲ್ಪ ಹೊತ್ತಿಗೆ ವಾಪಸ್. ಉಳಿದ ಮೂರೂ ಅಂಚುಗಳಲ್ಲಿ ಸರಿಯಾಗಿ ನಿಲ್ಲುತ್ತಿತ್ತು. ಇಡೀ ರೋಗ ಆ ಒಂದು ಅಂಚಿನಲ್ಲಿ ಕೂತಿತ್ತು. ನಾನು ಅದನ್ನು 'ಹಳೇ ಮೌಸು' ಅಂತ ತಳ್ಳಿಹಾಕಿದೆ.

ಕೊನೆಗೆ ಎಲ್ಲರೂ ಮಾಡೋದನ್ನೇ ಮಾಡಿದೆ. ಬೂಟ್ ಮೆನುವಿನಲ್ಲಿ 'ಇ' ಕೀಲಿ ಒತ್ತಿ, 'ಲಿನಕ್ಸ್' ಅಂತ ಶುರುವಾಗುವ ಸಾಲಿನ ತುದಿಗೆ ಹೋಗಿ, ಒಂದು ಪದ ಸೇರಿಸಿದೆ: ನೋಮೋಡ್‌ಸೆಟ್. ಲಿನಕ್ಸ್ ಹಾಕಿ ಪೆಟ್ಟು ತಿಂದವರಿಗೆಲ್ಲ ಇದು ಗೊತ್ತು. ಎಫ್10 ಒತ್ತಿದೆ. ಐಕಾನ್, ಪಟ್ಟಿ, ಗುಂಡಿ ಎಲ್ಲ ಬಂತು. ಚಿತ್ರ ಸ್ವಲ್ಪ ಅಗಲಕ್ಕೆ ಎಳೆದ ಹಾಗಿತ್ತು, ಇರಲಿ ಅಂದುಕೊಂಡೆ.

ಈ ಪದ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಪರದೆಗೆ ಎಷ್ಟು ಅಗಲ, ಎಷ್ಟು ಎತ್ತರ, ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬೇಕು, ಇದನ್ನು ನಿರ್ಧರಿಸೋದಕ್ಕೆ ಮೋಡ್ ಸೆಟ್ ಮಾಡೋದು ಅನ್ನುತ್ತಾರೆ. ಮೊದಲು ಈ ಕೆಲಸ ಲಿನಕ್ಸಿನ ತಿರುಳಾದ ಕರ್ನಲ್‌ನದಾಗಿರಲಿಲ್ಲ, ಅದರ ಮೇಲೆ ಓಡುತ್ತಾ ಪರದೆಯ ಚಿತ್ರ ನೋಡಿಕೊಳ್ಳುವ ಎಕ್ಸ್ ಸರ್ವರ್‌ನದಾಗಿತ್ತು. 2004ರ ಸುಮಾರಿಗೆ ನಾನು ಹಾಸ್ಟೆಲ್ಲಿನಲ್ಲಿ ಮೊದಲ ಸಲ ಲಿನಕ್ಸ್ ಹಾಕಿದಾಗ, ದಪ್ಪ ಹೊಟ್ಟೆಯ ಮಾನಿಟರನ್ನು ತಿರುಗಿಸಿ, ಬೆನ್ನಿನ ಚೀಟಿಯಲ್ಲಿ '30ರಿಂದ 54 ಕಿಲೋಹರ್ಟ್ಸ್' ಅಂತ ಓದಿ ಫೈಲಿನಲ್ಲಿ ಕೈಯಾರೆ ಬರೆದಿದ್ದೆ. ತಪ್ಪು ಸಂಖ್ಯೆ ಕೊಟ್ಟರೆ ಮಾನಿಟರ್ ಸುಟ್ಟುಹೋಗಬಹುದು ಅಂತ ಕೈಪಿಡಿಯಲ್ಲಿ ಎಚ್ಚರಿಕೆ ಇತ್ತು. ಮಾನಿಟರು ರೂಮ್‌ಮೇಟಿನದು. ಎಂಟರ್ ಒತ್ತುವಾಗ ದೇವರ ನೆನಪಾಗಿತ್ತು.

2009ರ ಮಾರ್ಚಿನಲ್ಲಿ ಬಂದ 2.6.29ನೇ ಕರ್ನಲ್‌ನಿಂದ ಈ ಕೆಲಸ ಕರ್ನಲ್ ಒಳಗೇ ಶುರುವಾಯಿತು, ಮೊದಲು ಇಂಟೆಲ್ ಚಿಪ್ಪುಗಳಿಗೆ, ಆಮೇಲೆ ಉಳಿದವಕ್ಕೆ. ಈಗ ಬೆನ್ನಿನ ಚೀಟಿ ಓದಬೇಕಿಲ್ಲ. ಮಾನಿಟರೇ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಕೇಬಲ್ಲಿನ ಎರಡು ಸಣ್ಣ ತಂತಿಗಳ ಮೂಲಕ 128 ಬೈಟಿನ ಒಂದು ಚೀಟಿ ಬರುತ್ತದೆ. ಅದಕ್ಕೆ ಇಡಿಐಡಿ ಅಂತ ಹೆಸರು, 1994ರಿಂದ ಇರುವ ಪದ್ಧತಿ. ಮಾಡಿದವರು ಯಾರು, ಯಾವ ವರ್ಷ ಯಾವ ವಾರ, ಎಷ್ಟು ಸೆಂಟಿಮೀಟರ್ ಅಗಲ, ಯಾವ ಅಳತೆಯ ಚಿತ್ರ ಒಗ್ಗುತ್ತದೆ, ಎಲ್ಲ ಅದರಲ್ಲಿರುತ್ತದೆ. ನೋಮೋಡ್‌ಸೆಟ್ ಅಂದರೆ ಕರ್ನಲ್‌ಗೆ, 'ನೀನು ಈ ಉಸಾಬರಿಗೆ ಹೋಗಬೇಡ, ಆನ್ ಆದಾಗ ಎಲ್ಲಕ್ಕಿಂತ ಮೊದಲು ಎಚ್ಚರಾಗುವ ಬಯಾಸ್ ಯಾವ ಚಿತ್ರ ಕೊಟ್ಟಿತೋ ಅದರಲ್ಲೇ ಸುಧಾರಿಸು' ಅಂತ ಹೇಳಿದ ಹಾಗೆ. ಗ್ರಾಫಿಕ್ಸ್ ಚಿಪ್ಪಿಗೆ ರಜೆ, ಅದರ ಕೆಲಸವೆಲ್ಲ ಪ್ರೊಸೆಸರ್ ತಲೆಗೆ.

ಇನ್‌ಸ್ಟಾಲ್ ಆಗುವವರೆಗೆ ದಾಟಿಸೋದಕ್ಕೆ ಇದು ಒಳ್ಳೆಯ ದೋಣಿ. ದಾಟಿದ ಮೇಲೂ ದೋಣಿಯಲ್ಲೇ ಸಂಸಾರ ಹೂಡಬಾರದು. ನಾನು ಹೂಡಿಸಿದೆ. ಆ ಪದವನ್ನು ಶಾಶ್ವತವಾಗಿ ಫೈಲಿನಲ್ಲಿ ಬರೆದು, ತೊಡದೇವು ತಿಂದು, ಭಾನುವಾರ ರಾತ್ರಿಯ ಬಸ್ಸು ಹಿಡಿದೆ.

ಎರಡು ವಾರಕ್ಕೆ ಫೋನ್ ಬಂತು. ಮಾವನ ದೂರು ಮೂರು. ಅಕ್ಷರ ಊದಿಕೊಂಡಿದೆ. ಯಕ್ಷಗಾನದ ವಿಡಿಯೋ ಹಾಕಿದರೆ ಭಾಗವತರ ಪದ ಮುಂದೆ ಹೋಗುತ್ತದೆ, ವೇಷ ಹಿಂದೆ ಉಳಿಯುತ್ತದೆ. ಫ್ಯಾನು ಅಕ್ಕಿ ಗಿರಣಿ ತರ ಕೂಗುತ್ತದೆ. ಮೂರಕ್ಕೂ ಕಾರಣ ನಾನು ಬಿಟ್ಟುಬಂದ ಆ ಒಂದು ಪದ. ಮಾನಿಟರಿನ ನಿಜವಾದ ಅಳತೆ 1440 ಅಡ್ಡ 900. ಬಯಾಸ್ ಕೊಟ್ಟ ಚಿತ್ರ 1024 ಅಡ್ಡ 768. ಚಿಕ್ಕದನ್ನು ಎಳೆದು ದೊಡ್ಡದಕ್ಕೆ ಹೊದಿಸಿದರೆ 'ಠ' ಯಾವುದು 'ರ' ಯಾವುದು ಅನ್ನೋ ಹಾಗೆ ಆಗುತ್ತದೆ. ವಿಡಿಯೋದ ಒಂದೊಂದು ಚುಕ್ಕಿಯನ್ನೂ ಪ್ರೊಸೆಸರೇ ಬಿಡಿಸುತ್ತಿದ್ದರೆ ಫ್ಯಾನು ಇನ್ನೇನು ಮಾಡೀತು?

ಮತ್ತೆ ಊರಿಗೆ ಹೋಗಲು ರಜೆ ಇರಲಿಲ್ಲ. ಫೋನಿನಲ್ಲೇ ಮಾಡಿಸೋಣ ಅಂದೆ. "ಅಳತೆ ಹೇಳು, ನಾನು ಗುರುತು ಹಾಕ್ತೇನೆ" ಅಂದರು ಮಾವ. ಶಿಫ್ಟ್ ಕೀಲಿ ಹಿಡಿದುಕೊಂಡು ಆನ್ ಮಾಡಿಸಿದೆ, ಮೆನು ಬಂತು. 'ಇ' ಒತ್ತಿಸಿದೆ. ನೋಮೋಡ್‌ಸೆಟ್ ಪದವನ್ನು ಅಳಿಸಿಸಿದೆ. ಜೊತೆಗಿದ್ದ ಕ್ವಯಟ್, ಸ್ಪ್ಲಾಶ್ ಎರಡನ್ನೂ ತೆಗೆಸಿದೆ. ಆ ಎರಡು ಪದ ಇದ್ದರೆ ಬೂಟ್ ಆಗುವಾಗಿನ ಸಾಲುಗಳು ಲೋಗೋದ ಹಿಂದೆ ಮುಚ್ಚಿಹೋಗುತ್ತವೆ. ರೋಗಿ ನರಳೋದು ಕೇಳಬಾರದು ಅಂತ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ. ಎಫ್10. ಗುಡ್ಡ ಬಂತು.

"ಬಂತು ನಿನ್ನ ಕೊಡಚಾದ್ರಿ."

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿಸಿದೆ. ಚಿತ್ರ ಹೋಗಿ ಅಕ್ಷರದ ಪರದೆ ಬಂತು. ಹೆಸರು, ಪಾಸ್‌ವರ್ಡ್ ಆಯಿತು. ಕೀಲಿ ಸರಿ ಒತ್ತುತ್ತಿದ್ದಾರಾ ನೋಡೋಣ ಅಂತ, "ಸುಮ್ನೆ ಎಲ್, ಎಸ್ ಅಂತ ಹೊಡೆದು ಎಂಟರ್ ಒತ್ತಿ ಮಾವ, ನಿಮ್ಮ ಫೈಲುಗಳ ಪಟ್ಟಿ ಬರುತ್ತೆ" ಅಂದೆ.

ಆ ಕಡೆ ಒಂದು ಗಳಿಗೆ ಮೌನ. ಆಮೇಲೆ, "ನನ್ನ ಕೆರೆಗಳೆಲ್ಲ ಹೋದವಲ್ಲೋ ಮಾರಾಯ! ಬರೀ ಚೌಕ ಚೌಕ. ಗ್ರಾಫ್ ಹಾಳೆ ತರ."

ನನಗೆ ನಗು ಬಂತು, ನಗಲಿಲ್ಲ. ಅವರ ಧ್ವನಿಯಲ್ಲಿ ನಿಜವಾದ ಹೆದರಿಕೆ ಇತ್ತು. ಆ ಅಕ್ಷರದ ಪರದೆಯಲ್ಲಿ ಕನ್ನಡ ಮೂಡೋದಿಲ್ಲ. ಕರ್ನಲ್ ತಾನೇ ಬರೆಯುವ ಆ ಪರದೆಯ ಫಾಂಟಿಗೆ 512 ಆಕಾರಗಳ ಮಿತಿ ಇದೆ. ಬೇರೆ ಬೇರೆ ಆಕಾರ ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳೋ ಹಾಗಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 128, ಹಾಗಾದರೆ ಹಿಡಿಸುತ್ತದಲ್ವಾ ಅನ್ನಬಹುದು. ಆದರೆ ಕನ್ನಡ ಒಂದು ಮನೆಗೆ ಒಂದು ಅಕ್ಷರ ಅಂತ ಸಾಲಾಗಿ ಕೂರುವ ಲಿಪಿಯೇ ಅಲ್ಲ. 'ಕ' ಬರೆದು 'ಇ'ಕಾರ ಕೊಟ್ಟರೆ 'ಕ'ದ ತಲೆಕಟ್ಟೇ ಬದಲಾಗುತ್ತದೆ. 'ಸ್ತ್ರೀ' ಬರೆದರೆ ಒಂದು ಕೆಳಗೆ ಇಳಿಯುತ್ತದೆ, ಒಂದು ಪಕ್ಕಕ್ಕೆ ಸರಿಯುತ್ತದೆ, ದೀರ್ಘ ಬಂದು ಕೊನೆಗೆ ಕೂರುತ್ತದೆ. ಈ ಜೋಡಣೆ ಮಾಡಲು ಬೇರೆ ತಂತ್ರಾಂಶ ಬೇಕು. ಅದು ಇರೋದು ಚಿತ್ರದ ಪರದೆಯಲ್ಲಿ ಮಾತ್ರ. ಡೆಬಿಯನ್ ಅನ್ನೋ ಲಿನಕ್ಸಿನ ಇನ್‌ಸ್ಟಾಲರ್ ನೋಡಿ. ಕನ್ನಡದಲ್ಲೇ ಇನ್‌ಸ್ಟಾಲ್ ಮಾಡುವ ಸೌಕರ್ಯ ಇದೆ, ಆದರೆ ಅದರ ಚಿತ್ರದ ರೂಪದಲ್ಲಿ ಮಾತ್ರ. ಅಕ್ಷರದ ರೂಪದ ಪಟ್ಟಿಯಲ್ಲಿ ಕನ್ನಡ ಕಾಣಸಿಗೋದಿಲ್ಲ.

ಇದು ನನಗೆ ಅವತ್ತಿಗೆ ಮೊದಲು ಹೊಳೆದಿರಲೇ ಇಲ್ಲ. ಗ್ರಾಫಿಕ್ಸ್ ಕೆಟ್ಟರೆ ಇಂಗ್ಲಿಷಿನವನಿಗೆ ಹೋಗೋದು ಚಂದ ಮಾತ್ರ. ನಮಗೆ ಭಾಷೆಯೇ ಹೋಗುತ್ತದೆ. ಕಂಪ್ಯೂಟರಿಗೆ ಕಾಯಿಲೆ ಬಂದ ಗಳಿಗೆಯಲ್ಲೇ, ಅದು ಏನು ನೋವು ಅಂತ ಹೇಳಬೇಕಾದ ಹೊತ್ತಿನಲ್ಲೇ, ಕನ್ನಡ ಮೊದಲು ಎದ್ದು ಹೊರಗೆ ಹೋಗಿರುತ್ತದೆ. ಕನ್ನಡ ಕಂಪ್ಯೂಟಿಂಗ್ ಬಗ್ಗೆ ಮಾತಾಡುವಾಗ ನಾವು ಫಾಂಟು, ಕೀಲಿಮಣೆ ಅಂತ ಶುರು ಮಾಡುತ್ತೇವೆ. ಅವುಗಳ ಕೆಳಗೆ ಈ ಒಂದು ನೆಲ ಇದೆ. ಅದು ಕುಸಿದರೆ ಮೇಲಿನ ಯಾವುದೂ ನಿಲ್ಲೋದಿಲ್ಲ.

"ಕೆರೆಗಳು ಅಲ್ಲೇ ಇವೆ ಮಾವ. ಈ ಪರದೆಗೆ ಕನ್ನಡ ಓದೋಕೆ ಬರಲ್ಲ, ಅಷ್ಟೇ."

"ಇರಲಿ, ಬರೆದದ್ದು ಅಳಿಸಿಲ್ಲವಲ್ಲ?"

"ಇಲ್ಲ."

"ಹಾಗಾದ್ರೆ ಮುಂದೆ ಹೇಳು."

ಆಗ ಅವರು ಇನ್ನೊಂದು ಮಾತು ಹೇಳಿದರು. ಅಕ್ಷರಗಳು ಪರದೆ ತುಂಬ ಹರಡಿಕೊಂಡಿಲ್ಲ, ಮೇಲೆ ಎಡ ಮೂಲೆಯಲ್ಲಿ ಮಾತ್ರ ಇವೆ, ಬಲಕ್ಕೂ ಕೆಳಗೂ ಪಟ್ಟಿ ಖಾಲಿ ಅಂತ. ಸ್ಕೇಲು ತಂದು ಅಳೆದೇ ಬಿಟ್ಟರು. ಅಗಲದಲ್ಲಿ ಹತ್ತರಲ್ಲಿ ಏಳು ಪಾಲು ತುಂಬಿದೆ, ಮೂರು ಖಾಲಿ. ಎತ್ತರದಲ್ಲಿ ಏಳರಲ್ಲಿ ಒಂದು ಪಾಲು ಖಾಲಿ. ನಾನು ಲೆಕ್ಕ ಹಾಕಿ ನೋಡಿದೆ: 1024 ಅಡ್ಡ 768. ನೋಮೋಡ್‌ಸೆಟ್ ತೆಗೆದ ಮೇಲೂ ಈ ಸಂಖ್ಯೆ ಎಲ್ಲಿಂದ ಬಂತು? ಮಾನಿಟರು ತನ್ನ ಅಳತೆ 1440 ಅಂತ ಹೇಳಿರುತ್ತದೆ. ಅಂದರೆ 1024 ಅಂತ ಹೇಳಿದವರು ಬೇರೆ ಯಾರೋ ಇದ್ದಾರೆ. ಈ ಅಕ್ಷರದ ಪರದೆ, ಸಿಕ್ಕಿಸಿರುವ ಎಲ್ಲ ಮಾನಿಟರುಗಳಿಗೂ ಒಂದೇ ಚಿತ್ರ ಕಳಿಸುತ್ತದೆ, ಎಲ್ಲಕ್ಕಿಂತ ಚಿಕ್ಕದಕ್ಕೆ ಹೊಂದುವ ಅಳತೆಯಲ್ಲಿ. ಆಗ ನೆನಪಾಯಿತು, ಎಡ ಅಂಚಿನಲ್ಲಿ ಮಾಯವಾಗುತ್ತಿದ್ದ ಬಾಣ.

ಕರ್ನಲ್ ಯಾವ್ಯಾವ ತೂತಿಗೆ ಏನು ಸಿಕ್ಕಿಸಿದೆ ಅಂತ ನಂಬಿದೆ ಎಂಬುದನ್ನು ನೋಡೋದು ಸುಲಭ. ಒಂದೊಂದು ತೂತಿಗೆ ಒಂದೊಂದು ಫೋಲ್ಡರು, ಅದರೊಳಗೆ ಸ್ಟೇಟಸ್ ಅನ್ನೋ ಫೈಲು, ಫೈಲಿನೊಳಗೆ ಒಂದೇ ಪದ: ಕನೆಕ್ಟೆಡ್ ಅಥವಾ ಡಿಸ್‌ಕನೆಕ್ಟೆಡ್. ಅದನ್ನು ಓದಿಸಲು ಒಂದು ಸಾಲಿನ ಕಮಾಂಡನ್ನು ಅಕ್ಷರ ಅಕ್ಷರವಾಗಿ ಹೇಳಿ ಹೊಡೆಸುವುದರಲ್ಲಿ ಕಾಲು ಗಂಟೆ ಹೋಯಿತು. 'ಓರೆ ಗೀಟು, ಬಲಕ್ಕೆ ಬಾಗಿದ್ದು, ಪ್ರಶ್ನೆ ಚಿಹ್ನೆಯ ಕೀಲಿ' ಅಂತೆಲ್ಲ. ಮಾವ ಓದಿದರು.

"ಎಚ್‌ಡಿಎಂಐ, ಡಿಸ್‌ಕನೆಕ್ಟೆಡ್. ವಿಜಿಎ, ಕನೆಕ್ಟೆಡ್. ಎಲ್‌ವಿಡಿಎಸ್... ಇದೂ ಕನೆಕ್ಟೆಡ್."

"ಎಲ್‌ವಿಡಿಎಸ್ ಅಂದ್ರೆ ಲ್ಯಾಪ್‌ಟಾಪಿನ ಒಳಗಿನ ಪರದೆ, ಮಾವ."

"ನಮ್ಮನೇಲಿ ಲ್ಯಾಪ್‌ಟಾಪ್ ಎಲ್ಲಿದೆ?"

"ಅದೇ. ಇಲ್ಲ. ಆದ್ರೆ ಕಂಪ್ಯೂಟರು ಇದೆ ಅಂದ್ಕೊಂಡಿದೆ. ಎಡಗಡೆ ಒಂದು ಪರದೆ ಇದೆ ಅಂತ ನಂಬಿ ಐಕಾನು, ಗುಂಡಿ ಎಲ್ಲ ಅಲ್ಲಿ ಇಟ್ಟಿದೆ. ನಮಗೆ ಕಾಣೋದು ಎರಡನೇ ಪರದೆ. ಅದಕ್ಕೇ ಬರೀ ಗುಡ್ಡ."

ಮಾವ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಜೋರಾಗಿ ನಕ್ಕರು. "ಹೋಗೋ! ಇದು ಪಹಣೀಲಿ ಬಾವಿ ಇದ್ದ ಹಾಗಾಯ್ತಲ್ಲೋ. ಪಹಣೀಲಿ ಬಾವಿ ಇದೆ, ಸ್ಥಳಕ್ಕೆ ಹೋಗಿ ನೋಡಿದ್ರೆ ತೋಟ. ಯಾವ ಕಾಲದಲ್ಲೋ ಮುಚ್ಚಿ ಅಡಿಕೆ ಹಾಕಿರ್ತಾರೆ. ಕಾಗದಕ್ಕೆ ಅದು ಗೊತ್ತಿಲ್ಲ. ನಾನು ಸರ್ವೀಸ್ ಪೂರ್ತಿ ಮಾಡಿದ್ದು ಇದನ್ನೇ."

ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಲ್ಯಾಪ್‌ಟಾಪಿನ ಒಳಗಿನ ಪರದೆ ಬಿಚ್ಚಿ ಜೋಡಿಸುವ ವಸ್ತುವಲ್ಲ. ಹಾಗಾಗಿ ಅದು ತನ್ನ ಪರಿಚಯದ ಚೀಟಿ ಕೊಡದಿದ್ದರೂ ನಡೆಯುತ್ತದೆ. ಅದರ ವಿವರವನ್ನು ಯಂತ್ರ ಮಾಡಿದವರು ಬಯಾಸ್ ಒಳಗಿನ ಒಂದು ಪಟ್ಟಿಯಲ್ಲಿ ಬರೆದಿಟ್ಟಿರುತ್ತಾರೆ. ಇಂಟೆಲ್ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ, ಕರ್ನಲ್ ಒಳಗಿನ ಐ915 ಅನ್ನೋ ಡ್ರೈವರ್ ಆ ಪಟ್ಟಿಯನ್ನು ಓದಿ ನಂಬುತ್ತದೆ. ಲ್ಯಾಪ್‌ಟಾಪಿನ ಚಿಪ್ಪು ಹಾಕಿ ಡಬ್ಬಿ ಕಂಪ್ಯೂಟರ್ ಮಾಡುವಾಗ ಆ ಪಟ್ಟಿಯಿಂದ ಪರದೆಯ ಸಾಲು ತೆಗೆಯಲು ಮರೆತರೆ, ಮುಗಿಯಿತು. ಇಂಥ ಮರೆವು ಎಷ್ಟು ಸಾಮಾನ್ಯ ಅಂದರೆ, ಡ್ರೈವರ್‌ನ ಮೂಲ ಬರಹದೊಳಗೇ 'ಈ ಯಂತ್ರಗಳು ಎಲ್‌ವಿಡಿಎಸ್ ಇದೆ ಅಂದರೆ ನಂಬಬೇಡ' ಅಂತ ಮಾಡೆಲ್ ಹೆಸರುಗಳ ಒಂದು ಯಾದಿಯೇ ಇದೆ. ಸ್ಥಳ ತನಿಖೆ ಮಾಡಿ ಬಂದವರು ಒಬ್ಬೊಬ್ಬರಾಗಿ ಸೇರಿಸುತ್ತಾ ಹೋದ ಯಾದಿ ಅದು. ಮಾವನ ಡಬ್ಬಿ ಅದರಲ್ಲಿ ಇರಲಿಲ್ಲ.

ಹಾಗಿದ್ದರೆ ತಿದ್ದುಪಡಿ ನಾವೇ ಮಾಡಬೇಕು. ಒಂದು ಪದ ಸಾಕು. ಫೋನಿನಲ್ಲಿ ಹೇಳಿದ ಹಾಗೇ ಬರೆಯುತ್ತೇನೆ: ವಿಡಿಯೋ, ಈಕ್ವಲ್ ಗುರುತು, ದೊಡ್ಡ ಅಕ್ಷರದಲ್ಲಿ ಎಲ್ ವಿ ಡಿ ಎಸ್, ಅಡ್ಡಗೀಟು, 1, ಮೇಲೊಂದು ಕೆಳಗೊಂದು ಚುಕ್ಕಿ, ಚಿಕ್ಕ ಅಕ್ಷರದ ಡಿ. ನಡುವೆ ಎಲ್ಲೂ ಜಾಗ ಬಿಡಬಾರದು. ಕೊನೆಯ ಡಿ ಅಂದರೆ ಡಿಸೇಬಲ್. ಎಲ್‌ವಿಡಿಎಸ್ 1 ಇಲ್ಲ ಅಂತ ತಿಳಿ, ಅಷ್ಟೇ ಅರ್ಥ. ಮೊದಲು ಬೂಟ್ ಮೆನುವಿನಲ್ಲಿ ತಾತ್ಕಾಲಿಕವಾಗಿ ಹಾಕಿಸಿದೆ. ಅಲ್ಲಿ ತಪ್ಪಿದರೂ ಭಯವಿಲ್ಲ, ಮತ್ತೆ ಆನ್ ಮಾಡಿದರೆ ಮೊದಲಿನ ಹಾಗೇ. ಅದು ಸರಿ ಬಂದ ಮೇಲೆ ಆ ಬೂಟ್ ಮೆನು ತೋರಿಸುವ ಗ್ರಬ್‌ನ ಫೈಲಿನಲ್ಲಿ ನೋಮೋಡ್‌ಸೆಟ್ ಇದ್ದ ಜಾಗಕ್ಕೆ ಇದನ್ನು ಬರೆಸಿ, ಅಪ್‌ಡೇಟ್ ಗ್ರಬ್ ಓಡಿಸಿದೆ. ಈ ಕೊನೆಯದನ್ನು ಮರೆತು 'ಬದಲಾಯಿಸಿದ್ರೂ ಏನೂ ಆಗ್ಲಿಲ್ಲ' ಅನ್ನುವವರು ಬಹಳ. ನಾನೂ ಒಂದು ಕಾಲದಲ್ಲಿ ಅವರಲ್ಲೊಬ್ಬ.

ನಿಮಗೂ ಪರದೆ ಕೈಕೊಟ್ಟಿದ್ದರೆ ಇದೇ ಕಾರಣ ಅಂತ ಹೇಳುತ್ತಿಲ್ಲ. ಮೊನ್ನೆ ನನ್ನ ಸಹೋದ್ಯೋಗಿಯ ಎರಡು ಗ್ರಾಫಿಕ್ಸ್ ಚಿಪ್ಪಿನ ಲ್ಯಾಪ್‌ಟಾಪಿನಲ್ಲಿ ಕಥೆಯೇ ಬೇರೆ. ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದಾಗ ಒಂದು ನೀಲಿ ಪರದೆ ಬಂದು, ಹತ್ತು ಸೆಕೆಂಡಿನಲ್ಲಿ ಏನಾದರೂ ಕೀಲಿ ಒತ್ತು ಅಂದಿತ್ತು. ಹೊಸ ಡ್ರೈವರ್‌ನ ಸಹಿಯನ್ನು ಸೆಕ್ಯೂರ್ ಬೂಟ್‌ಗೆ, ಅಂದರೆ ಗುರುತಿಲ್ಲದ ಸಹಿಯನ್ನು ಒಳಗೆ ಬಿಡದ ಕಾವಲಿಗೆ, ಪರಿಚಯಿಸುವ ಪರದೆ ಅದು. ಅವನು ವೈರಸ್ ಅಂದುಕೊಂಡು ಕೈ ಕಟ್ಟಿ ಕೂತಿದ್ದ. ಹತ್ತು ಸೆಕೆಂಡು ಹೋಯಿತು, ಡ್ರೈವರ್ ಒಳಗೆ ಬರಲೇ ಇಲ್ಲ. ಅಲ್ಲೂ ಅವನು ಮೊದಲು ಹಾಕಿದ್ದು ನೋಮೋಡ್‌ಸೆಟ್ಟೇ, ಅದನ್ನು ಅಲ್ಲೇ ಬಿಟ್ಟಿದ್ದೂ ನನ್ನ ಹಾಗೇ. ಅದು ಕೆಲಸ ಮಾಡಿಬಿಡುತ್ತದೆ, ಅದೇ ಅದರ ತೊಂದರೆ. ಕೆಲಸ ಆದ ಮೇಲೆ ಯಾರೂ ಕಾರಣ ಹುಡುಕೋದಿಲ್ಲ.

ಅವತ್ತು ರಾತ್ರಿ ಒಂಬತ್ತೂವರೆಗೆ ಮಾವನ ಪರದೆ 1440 ಅಡ್ಡ 900ಕ್ಕೆ ಬಂತು. ಫ್ಯಾನು ಸುಮ್ಮನಾಯಿತು. ಮಾವ ಪರೀಕ್ಷೆಗೆ ಅಂತ ಯಕ್ಷಗಾನದ ಒಂದು ತುಣುಕು ಹಾಕಿದರು. ಚೆಂಡೆ ಪೆಟ್ಟಿಗೂ ವೇಷದ ಹೆಜ್ಜೆಗೂ ತಾಳೆಯಾಯಿತು ಅಂದರು. ಮನೆಯಲ್ಲೊಂದು ಹಳೆಯ ನೋಟ್ ಪುಸ್ತಕ ಇದೆ, ಅದರಲ್ಲಿ ದಿನಾಂಕ ಹಾಕಿ ಬರೆದುಕೊಂಡರು. ಫೋನಿನಲ್ಲೇ ನನಗೆ ಓದಿ ಹೇಳಿದರು: "ಸ್ಥಳ ತನಿಖೆ ಮಾಡಲಾಗಿ, ದಾಖಲೆಯಲ್ಲಿ ಕಾಣಿಸಿದ ಎಡಬದಿಯ ಪರದೆ ಜಾಗದಲ್ಲಿ ಕಂಡುಬಂದಿರುವುದಿಲ್ಲ. ಸದರಿ ಪರದೆಯನ್ನು ಕಮ್ಮಿ ಮಾಡಿದೆ." ಕೆಳಗೆ ಆ ವಿಡಿಯೋ, ಎಲ್‌ವಿಡಿಎಸ್ ಸಾಲು. ಅದರ ಕೆಳಗೆ ಸಹಿ.

ಮಾರನೆಯ ದಿನ ಬೆಳಿಗ್ಗೆ ಮತ್ತೆ ಫೋನ್.

"ಎಲ್ಲ ಸರಿ ಇದೆ. ಆದ್ರೆ ಅಕ್ಷರ ಸಣ್ಣ ಆಗಿಬಿಟ್ಟಿದೆಯಲ್ಲೋ. ಮುಂಚೆ ದಪ್ಪ ದಪ್ಪ ಕಾಣ್ತಿತ್ತು. ಅದನ್ನೇ ವಾಪಸ್ ಹಾಕೋಕೆ ಬರುತ್ತಾ?"